ಸಿಬ್ಬಂದಿ ಅತಿಥಿಗಳಲ್ಲ

ಚಾವಣಿಯ ಮೇಲೆ ನೀರಿನ ಬೆಳಕು ಅಲ್ಲಾಡುತ್ತಿದೆ, ಕೆಳಗೆ ಯಾವುದೋ ದೋಣಿ ಕಟ್ಟೆಗೆ ಬಂದು ತಾಗಿರಬೇಕು, ಅದಕ್ಕೇ ಬೆಳಕು ಹೀಗೆ ಚೂರುಚೂರಾಗಿ ಒಂದು ಗೋಡೆಯಿಂದ ಇನ್ನೊಂದಕ್ಕೆ ಓಡುತ್ತಿದೆ, ಓಡಲಿ ಅತ್ಲಾಗೆ, ನೋಡುತ್ತಾ ಕೂರಲು ಅವಳಿಗೆ ಪುರುಸೊತ್ತಿಲ್ಲ, ಗಂಟೆ ಹನ್ನೊಂದೂ ಕಾಲು, ಎರಡಕ್ಕೆ ಸರಿಯಾಗಿ ಇಡೀ ಊರು ಬಂದು ಈ ಕೋಣೆಯ ಬಾಗಿಲು ತಟ್ಟುತ್ತದೆ — ಬಾಗಿಲು ಅಂದರೆ ಮರದ್ದಲ್ಲ, ಪಕ್ಕದ ಗಾಜಿನ ಗೂಡಿನಲ್ಲಿ ಗುಂಯ್ ಎನ್ನುತ್ತಾ ಕೂತಿರುವ ಆ ಒಂದೇ ಒಂದು ಸರ್ವರಿನ ಬಾಗಿಲು. ನಾಳೆ ಬೆಳಗಿನಿಂದ ಸೇತುವೆ ಬಂದ್, ಮೂರು ತಿಂಗಳ ರಿಪೇರಿ, ಆ ದಡದವರು ಈ ದಡಕ್ಕೆ ಬರಬೇಕೆಂದರೆ ಈ ಕಂಪನಿಯ ದೋಣಿಗಳೇ ಗತಿ, ಯಾವ ದೋಣಿ ಎಷ್ಟು ಹೊತ್ತಿಗೆ ಎನ್ನುವ ಪಟ್ಟಿ ಎರಡು ಗಂಟೆಗೆ ವೆಬ್‌ಸೈಟಿನಲ್ಲಿ ಬರುತ್ತದೆ ಎಂದು ರೇಡಿಯೋದವನು ಬೆಳಗಿನಿಂದ ಕೂಗಿದ್ದೇ ಕೂಗಿದ್ದು. ಹೋದ ವರ್ಷ ಸೇತುವೆ ಬರೀ ಅರ್ಧ ದಿನ ಮುಚ್ಚಿತ್ತು, ಸರ್ವರ್ ನಾಲ್ಕೇ ನಿಮಿಷಕ್ಕೆ ಮಗುಚಿಕೊಂಡಿತು, ಪಟ್ಟಿ ಕಾಣದ ಜನ ನೇರ ಕಟ್ಟೆಗೇ ನುಗ್ಗಿದರು, ಬಿಸಿಲಿಗೆ ಒಬ್ಬ ಬಸುರಿ ಕುಸಿದು ಕೂತಳು. ಚಿಕ್ಕ ಯಜಮಾನ ಅದನ್ನು ಮರೆತಿಲ್ಲ, ಬೆಳಿಗ್ಗೆ ಮೀಟಿಂಗಿನಲ್ಲಿ ಪೆನ್ನಿನಿಂದ ಮೇಜು ಕುಟ್ಟುತ್ತಾ, ನೋಡಿ ಅಕ್ಕ, ಈ ಸಲ ಬಿದ್ರೆ ನಾನೇನೂ ಮಾಡೋಕಾಗಲ್ಲ, ಎಲ್ಲಾ ಹೊರಗಿನ ಕಂಪನಿಗೆ ಒಪ್ಪಿಸ್ತೀನಿ, ನಿಮ್ಮ ಕೋಣೆಗೆ ಬೀಗ ಹಾಕೋದೇ. ಹತ್ತೊಂಬತ್ತು ವರ್ಷದ ಕೋಣೆಗೆ ಬೀಗ! ಬೀಳಲ್ಲ ಅಂದಳು. ಹೇಗೆ ಹೇಳ್ತೀರಿ. ಬಾಯಲ್ಲಿ ಹೇಳ್ತೀನಿ, ಬೀಳಲ್ಲ. ಎಲ್ಲರೂ ನಕ್ಕರು, ಅವನೂ ನಕ್ಕ, ಆದರೆ ಪೆನ್ನು ಕುಟ್ಟುವುದು ನಿಲ್ಲಿಸಲಿಲ್ಲ.

ಬೀಳುವುದಿಲ್ಲ ಎಂದು ಸುಮ್ಮನೆ ಅಂದದ್ದಲ್ಲ, ಲೆಕ್ಕಾಚಾರ ಇದೆ, ಸಿಡಿಎನ್ ಎಂದು ಕರೆಯುವ ಆ ಊರೂರು ಉಗ್ರಾಣದ ಕಂಪನಿಯ ಜೊತೆ ಹೋದ ವಾರವೇ ಒಪ್ಪಂದ ಆಗಿದೆ, ಅವರ ಉಗ್ರಾಣಗಳು ಇವಳ ಸರ್ವರಿನಿಂದ ಪುಟದ ಒಂದು ಪ್ರತಿ ತೆಗೆದುಕೊಂಡು ಹೋಗಿ ತಮ್ಮ ಹತ್ತಿರ ಇಟ್ಟುಕೊಳ್ಳಬೇಕು, ಕೇಳಿದವರಿಗೆಲ್ಲ ಅಲ್ಲಿಂದಲೇ ಕೊಡಬೇಕು, ಸರ್ವರ್ ಪಾಡಿಗೆ ಸರ್ವರ್ ತೂಕಡಿಸಬೇಕು. ಅಮ್ಮ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುತ್ತಿದ್ದಳಲ್ಲ, ದಿನಕ್ಕೆ ಐನೂರು ಸಲ ಅದೇ ಪ್ರಶ್ನೆ, ಅದೇ ಉತ್ತರ, ಒಂದು ದಿನ ರೋಸಿಹೋಗಿ ಎಲ್ಲ ಬಸ್ಸಿನ ಹೊತ್ತೂ ಒಂದು ಹಲಗೆಯ ಮೇಲೆ ಬರೆದು ಕಿಟಕಿಗೆ ನೇತುಹಾಕಿದ್ದಳು, ಇದೂ ಅಷ್ಟೇ, ಹಲಗೆ ನೇತುಹಾಕುವುದು. ಆದರೆ ಈ ಉಗ್ರಾಣದವರ ಹಲಗೆ ನೇತಾಡುತ್ತಿಲ್ಲ, ಅದೇ ತಾಪತ್ರಯ — ಪರದೆಯ ಮೇಲೆ ಅವರ ವರದಿ ಇದೆ, ನೂರು ಜನ ಕೇಳಿದರೆ ತೊಂಬತ್ತೆಂಟು ಜನರನ್ನು ಇವಳ ಸರ್ವರಿಗೇ ದಬ್ಬುತ್ತಿದ್ದಾರೆ, ಮಿಸ್, ಮಿಸ್, ಮಿಸ್, ಪ್ರತಿ ಸಾಲಿನ ಕೊನೆಗೂ ಮಿಸ್, ಅಂದರೆ ನಮ್ಮ ಹತ್ತಿರ ಪ್ರತಿ ಇಲ್ಲ, ನೀವೇ ಕೊಡಿ ಎಂದು. ಇದಕ್ಕೆ ಒಪ್ಪಂದ ಯಾಕೆ ಬೇಕಿತ್ತು, ಒಬ್ಬ ಜವಾನ ಸಾಕಿತ್ತಲ್ಲ.

ಒಂದೊಂದಾಗಿ ನೋಡೋಣ, ಗಾಬರಿ ಬೀಳುವ ಪೈಕಿ ಅವಳಲ್ಲ, ಸಿಟ್ಟು ಮೂಗಿನ ತುದಿಯಲ್ಲಿರಬಹುದು, ಬೆನ್ನ ಹಿಂದೆ ಬೆಂಕಿಪೊಟ್ಟಣ ಎಂದು ಕರೆಯುತ್ತಾರೆ, ಗೊತ್ತು, ಕರೆಯಲಿ, ಕೈ ಮಾತ್ರ ತಣ್ಣಗಿರುತ್ತದೆ. ಮೊದಲನೆಯದು ಆಗಲೇ ಸಿಕ್ಕಿತು, ಉಗ್ರಾಣದವರ ನಿಯಮದಲ್ಲಿ ಚಿತ್ರಗಳನ್ನು ಮಾತ್ರ ಇಟ್ಟುಕೊಳ್ಳಿ ಎಂದಿತ್ತು, ಪುಟಗಳನ್ನೂ ಇಟ್ಟುಕೊಳ್ರಪ್ಪ ಎಂದು ತಿದ್ದಿದಳು, ಮಿಸ್. ಎರಡನೆಯದು, ಪುಟದ ಜೊತೆ ಲಕೋಟೆಯ ವಿಳಾಸದ ಹಾಗೆ ಹೋಗುವ ಸಾಲುಗಳಿವೆ, ಹೆಡರ್ ಅನ್ನುತ್ತಾರೆ, ಅದರಲ್ಲೊಂದು ಸಾಲು ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಎಂದು ಹೇಳುತ್ತದೆ, ಅಲ್ಲಿ ಸೊನ್ನೆ ಇತ್ತು, ಸೊನ್ನೆ ಹೊತ್ತು ಇಟ್ಟುಕೋ ಅಂದರೆ ಯಾವನು ತಾನೇ ಇಟ್ಟುಕೊಳ್ಳುತ್ತಾನೆ, ಅದನ್ನು ಇಪ್ಪತ್ತನಾಲ್ಕು ಗಂಟೆ ಮಾಡಿದಳು, ಈಗ ಆಯಿತು ಎಂದು ಕುರ್ಚಿಗೆ ಒರಗಿದಳು, ಮಿಸ್. ಲಕೋಟೆಯನ್ನು ಮತ್ತೆ ತಿರುಗಿಸಿ ನೋಡುತ್ತಾಳೆ, ತನ್ನ ಮೇಜಿನಿಂದ ಪಕ್ಕದ ಗೂಡಿನ ಸರ್ವರಿಗೆ ನೇರ ತಂತಿ, ನಡುವೆ ಯಾರೂ ಇಲ್ಲ, ಪುಟ ಕೇಳಿದಳು, ಬಂತು, ಏಳು ಸಾಲು, ಏಳೂ ಸ್ವಚ್ಛ, ಇಪ್ಪತ್ತನಾಲ್ಕು ಗಂಟೆ ಎಂದು ಎದ್ದು ಕಾಣುವ ಹಾಗೆ ಬರೆದಿದೆ, ಇದಕ್ಕಿಂತ ಬಿಡಿಸಿ ಹೇಳುವುದಕ್ಕೆ ಇವಳೇನು ಉಗ್ರಾಣದ ಬಾಗಿಲಿಗೆ ಹೋಗಿ ಡಂಗುರ ಹೊಡೆಯಬೇಕೇ. ಮೊಬೈಲ್ ನಡುಗಿತು, ಗಂಡ, ಊಟಕ್ಕೆ ಬರ್ತೀಯಾ ಇಲ್ಲ ಆ ಸರ್ವರ್ ಜೊತೆನೇ ಕೂತು ಉಣ್ತೀಯಾ. ಅದು ನಿನ್ನ ಹಾಗೆ ಗೊರಕೆ ಹೊಡೆಯಲ್ಲ ಎಂದು ಬರೆದು ಕಳಿಸಿದಳು, ಒಂದು ನಗುವ ಮುಖ ಬಂತು, ಒಳ್ಳೆಯವನು, ಇಪ್ಪತ್ತೆರಡು ವರ್ಷ ಬೆಂಕಿಪೊಟ್ಟಣವನ್ನು ಒದ್ದೆಯಾಗದ ಹಾಗೆ ಕಾಪಾಡಿಕೊಂಡು ಬಂದಿದ್ದಾನೆ.

ಆಗಲೇ ದೊಡ್ಡ ಯಜಮಾನರು ಬಂದದ್ದು, ಹನ್ನೊಂದೂವರೆಗೆ ಅವರು ಬರಲೇಬೇಕು, ಮಗನಿಗೆ ಕುರ್ಚಿ ಬಿಟ್ಟುಕೊಟ್ಟು ಆರು ವರ್ಷವಾಯಿತು, ಕೆಳಗಿನ ಮುಂಗೋಣೆಯಲ್ಲಿ ಪೇಪರ್ ಓದುತ್ತಾ ಕೂರುತ್ತಾರೆ, ದಿನಕ್ಕೊಮ್ಮೆ ಮೆಟ್ಟಿಲು ಹತ್ತಿ ಬಂದು ಅವಳ ಹಿಂದೆ ನಿಂತು ಒಂದೇ ಮಾತು, ಎಷ್ಟಾಯ್ತಮ್ಮಾ. ವೆಬ್‌ಸೈಟಿನ ಪ್ರತಿ ಪುಟದ ಅಡಿಯಲ್ಲೂ ಒಂದು ಸಾಲಿದೆ, ನೀವು ನಮ್ಮ ಇಷ್ಟನೇ ಅತಿಥಿ, ಅದು ಅವರ ಆಸೆ, ಒಂಬತ್ತು ವರ್ಷದ ಹಿಂದೆ ಅವಳೇ ಮಾಡಿಕೊಟ್ಟದ್ದು. ದೋಣಿಯ ಹಲಗೆಯ ಪಕ್ಕ ನಿಂತು ಹತ್ತುವ ಒಬ್ಬೊಬ್ಬರನ್ನೂ ಎಣಿಸಿದ ಮನುಷ್ಯ ಅವರು, ನಲವತ್ತು ವರ್ಷ, ಬನ್ನಿ ಒಂದು, ಬನ್ನಿ ಎರಡು, ಹುಷಾರು ಮಗೂ ಮೂರು, ಎಣಿಕೆ ತಪ್ಪಿದರೆ ದೋಣಿ ಮುಳುಗುತ್ತದೆ, ಅವರ ಕಾಲದಲ್ಲಿ ಒಂದೂ ಮುಳುಗಲಿಲ್ಲ. ಒಂಬತ್ತು ಲಕ್ಷ ತೊಂಬತ್ತೊಂಬತ್ತು ಸಾವಿರದ ನೂರಾ ಎಂಬತ್ತು ಎಂದು ಓದಿ ಹೇಳಿದಳು. ಅಂದ್ರೆ ಇವತ್ತೇ ಹತ್ತು ಲಕ್ಷ. ಇವತ್ತೇ, ಎರಡು ಗಂಟೆ ಆದ ಒಂದು ನಿಮಿಷಕ್ಕೆ. ಆ ಹತ್ತು ಲಕ್ಷದವರು ಯಾರು ಅಂತ ಗೊತ್ತಾಗುತ್ತಾ? ಅವ್ರೇ ಬಂದು ತೋರಿಸಿದ್ರೆ ಗೊತ್ತಾಗುತ್ತೆ. ತೋರಿಸ್ತಾರೆ, ರೇಡಿಯೋದವನಿಗೆ ಹೇಳಿದೀನಿ, ಹತ್ತು ಲಕ್ಷದ ಅತಿಥಿ ಕಟ್ಟೆಗೆ ಬಂದ್ರೆ ಕೈ ಹಿಡಿದು ನಾನೇ ದೋಣಿ ಹತ್ತಿಸ್ತೀನಿ ಅಂತ. ಮುಖ ನೋಡಬೇಕಿತ್ತು, ಎಪ್ಪತ್ತೆಂಟು ವರ್ಷದ ಮುಖ, ಹಲ್ಲುಸೆಟ್ಟು ಪೂರ್ತಿ ಕಾಣುವ ನಗು. ಆಯ್ತು ಆಯ್ತು, ಈಗ ನೀವು ಇಳೀರಿ, ನನ್ನ ತಲೆ ತಿನ್ಬೇಡಿ ಎಂದಳು, ಬೇರೆ ಯಾರಾದರೂ ಅವರಿಗೆ ಹಾಗೆ ಅಂದರೆ ನಾಲಿಗೆ ಕೀಳಿಸುತ್ತಿದ್ದರು, ಇವಳು ಅಂದರೆ ತಿನ್ನಲ್ಲಮ್ಮಾ, ನಿನ್ನ ತಲೆ ನನಗೆ ಅರಗಲ್ಲ ಎಂದುಕೊಂಡು ಇಳಿಯುತ್ತಾರೆ.

ಹನ್ನೆರಡೂವರೆಗೆ ಉಗ್ರಾಣದ ಕಂಪನಿಗೆ ಫೋನು, ಅಲ್ಲೊಬ್ಬ ಸಹಾಯವಾಣಿಯವನು, ಅವನ ದನಿ ಬೆಣ್ಣೆ ಸವರಿದ ಹಾಗೆ, ಮೇಡಂ, ನಮ್ಮ ಕಡೆ ಎಲ್ಲಾ ಸರಿಯಾಗಿದೆ, ನಿಮ್ಮ ಸರ್ವರ್ ಏನೋ ಕಳಿಸ್ತಿದೆ, ಅದಕ್ಕೇ ನಾವು ಇಟ್ಕೊಳ್ತಿಲ್ಲ. ನನ್ನ ಸರ್ವರ್ ಏನು ಕಳಿಸುತ್ತೆ ಅಂತ ನಿಮಗೆ ನಾನು ಓದಿ ಹೇಳ್ಲಾ, ಏಳು ಸಾಲಿದೆ. ನಮಗೆ ಎಂಟು ಬರ್ತಿದೆ ಮೇಡಂ. ಏಳು. ಎಂಟು ಮೇಡಂ. ಎಣಿಸೋಕೆ ಬರುತ್ತೇನಪ್ಪಾ ನಿಮಗೆ — ಅಂದುಬಿಟ್ಟಳು, ಅಂದ ಮೇಲೆ ತನಗೇ ಕೇಳಿಸಿತು, ಹತ್ತೊಂಬತ್ತು ವರ್ಷದ ಹಿಂದೆ ಕೆಲಸ ಕೇಳಿಕೊಂಡು ಬಂದಾಗ ದೊಡ್ಡ ಯಜಮಾನರು ಅವಳ ಸರ್ಟಿಫಿಕೇಟನ್ನು ಮುಟ್ಟಿಯೂ ನೋಡದೆ ಕೇಳಿದ್ದು ಇದನ್ನೇ, ಎಣಿಸೋಕೆ ಬರುತ್ತಾ? ಹಳ್ಳಿ ಶಾಲೆಯಲ್ಲಿ ಅದೊಂದೇ ಸಾರ್ ಕಲಿಸಿದ್ದು ಎಂದಿದ್ದಳು, ಬಿದ್ದು ಬಿದ್ದು ನಕ್ಕು ಕೆಲಸ ಕೊಟ್ಟಿದ್ದರು. ಸಹಾಯವಾಣಿಯವನು ಸಿಟ್ಟಾಗಲಿಲ್ಲ, ಅವನಿಗೆ ಸಿಟ್ಟಾಗುವುದಕ್ಕೆ ಸಂಬಳ ಇಲ್ಲ, ಮೇಡಂ, ನೀವು ಆಫೀಸಿನ ಒಳಗಿಂದ ನೋಡ್ತಿದೀರಾ, ಒಂದ್ಸಲ ಹೊರಗಿನವರ ಹಾಗೆ ನೋಡಿ, ನಿಮ್ಮ ಕಂಪನಿ ಲೈನ್ ಬಿಟ್ಟು ಬೇರೆ ಲೈನಲ್ಲಿ. ಏನು ವ್ಯತ್ಯಾಸ ಆಗುತ್ತೆ? ಗೊತ್ತಿಲ್ಲ ಮೇಡಂ, ನೋಡಿ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವವರನ್ನು ಅವಳು ನಂಬುತ್ತಾಳೆ, ಅದಕ್ಕೇ ಎದ್ದಳು, ಲ್ಯಾಪ್‌ಟಾಪ್ ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದು, ಟಿಕೆಟ್ ಕೊಡುವಾಕೆಯ ಕಿಟಕಿಯ ಹಿಂದೆ ಹೋಗಿ ನಿಂತಳು, ನಿನ್ನ ಮೊಬೈಲಿನ ನೆಟ್ ಕೊಡೇ ಐದು ನಿಮಿಷ. ಅಯ್ಯೋ ಅಕ್ಕಾ, ನಿಮ್ಮದೇ ಅಷ್ಟು ದೊಡ್ಡ ಕೋಣೆ ತುಂಬಾ ನೆಟ್ ಇದೆಯಲ್ಲ, ನನ್ನ ಬಡಪಾಯಿ ನೆಟ್ ಯಾಕೆ. ಶ್ರೀಮಂತರಿಗೆ ಕಣ್ಣು ಕಾಣಲ್ವಂತೆ, ಕೊಡು. ಆಕೆ ಚಿಲ್ಲರೆ ಎಣಿಸುತ್ತಲೇ ಮೊಬೈಲ್ ಮುಂದೆ ತಳ್ಳಿದಳು, ಕಿಟಕಿಯಾಚೆ ಸಾಲು, ಹಡಗುಕಟ್ಟೆಯ ಹಲಗೆಗಳು ಬಿಸಿಲಿಗೆ ಕರ್ ಕರ್ ಎನ್ನುತ್ತಿವೆ, ಡೀಸೆಲ್ ವಾಸನೆ, ಪುಟ ಕೇಳಿದಳು, ಬಂತು, ಎಣಿಸಿದಳು. ಎಂಟು.

ಎಂಟನೆಯ ಸಾಲು, ಸೆಟ್ ಕುಕಿ. ಕುಕಿ ಎಂದರೆ ಚೀಟಿ, ಬಂದವರ ಜೇಬಿಗೆ ಸರ್ವರ್ ಹಾಕುವ ಚೀಟಿ, ಇವರು ಇಂಥವರು ಎಂದು, ಚೀಟಿ ಜೊತೆಗಿದ್ದರೆ ಅದು ಒಬ್ಬರ ಹೆಸರಿಗೆ ಬರೆದ ಖಾಸಗಿ ಕಾಗದವಾಯಿತು, ಖಾಸಗಿ ಕಾಗದದ ನಕಲು ತೆಗೆದು ಊರಿಗೆ ಹಂಚುವುದಕ್ಕೆ ಉಗ್ರಾಣದವರಿಗೆ ಮಾನ ಮರ್ಯಾದೆ ಇಲ್ಲವೇ, ಸರಿಯಾಗಿಯೇ ಮಾಡಿದ್ದಾರೆ, ಪಾಪ ಆ ಬೆಣ್ಣೆ ದನಿಯವನನ್ನು ಸುಮ್ಮನೆ ಜಾಡಿಸಿದೆ. ಯಾರು ಹಾಕಿದ್ದು ಈ ಚೀಟಿ, ಯಾವ ಬುದ್ಧಿವಂತ — ಕೇಳಿಕೊಳ್ಳುವಷ್ಟರಲ್ಲೇ ಗೊತ್ತಾಯಿತು, ಕಿವಿ ಬಿಸಿಯಾಯಿತು, ತಾನೇ. ಒಂಬತ್ತು ವರ್ಷದ ಹಿಂದೆ ಅತಿಥಿಗಳ ಎಣಿಕೆ ಶುರುಮಾಡಿದ ಮಾರನೆಯ ದಿನ ದೊಡ್ಡ ಯಜಮಾನರು ಮುಖ ಸಿಂಡರಿಸಿಕೊಂಡು ಬಂದಿದ್ದರು, ಅಲ್ಲಮ್ಮಾ, ನಾನು ಒಬ್ಬನೇ ನಾಲ್ಕು ಸಲ ನೋಡಿದ್ರೆ ನಾಲ್ಕು ಅಂತ ತೋರಿಸುತ್ತಲ್ಲ, ಒಬ್ಬರನ್ನ ಎರಡು ಸಲ ಎಣಿಸಿದ್ರೆ ಅದು ಮೋಸ, ಹಲಗೆ ಹತ್ತಿ ಇಳಿದು ಮತ್ತೆ ಹತ್ತಿದ್ರೆ ಇಬ್ಬರಾಗ್ತಾರಾ? ಅದಕ್ಕೇ ಚೀಟಿ, ಎಣಿಸಿದವರ ಜೇಬಲ್ಲಿ ಒಂದು ಗುರುತು. ಮತ್ತೆರಡು ದಿನಕ್ಕೆ ಇನ್ನೊಂದು ತಕರಾರು, ಇಲ್ಲಿ ಕೆಲಸ ಮಾಡೋರೂ ನೋಡ್ತಾರಲ್ಲ, ಅವರನ್ನೂ ಎಣಿಸ್ತಿದೀಯಾ? ಎಣಿಸಿದರೇನು ಸಾರ್, ನಾವೂ ಮನುಷ್ಯರೇ. ಮನುಷ್ಯರೇ, ಆದ್ರೆ ಸಿಬ್ಬಂದಿ ಅತಿಥಿಗಳಲ್ಲ, ನಾವಿಕನನ್ನ ಪ್ರಯಾಣಿಕರ ಲೆಕ್ಕಕ್ಕೆ ಹಿಡೀತೀವಾ, ತೆಗೆದುಹಾಕು. ತೆಗೆದುಹಾಕಿದ್ದಳು, ಆಫೀಸಿನ ಲೈನಿನಿಂದ ಯಾರು ನೋಡಿದರೂ ಎಣಿಕೆಯಿಲ್ಲ, ಚೀಟಿಯಿಲ್ಲ, ಆದ್ದರಿಂದಲೇ ಒಳಗೆ ಕೂತವಳಿಗೆ ಏಳು, ಹೊರಗಿನ ಇಡೀ ಲೋಕಕ್ಕೆ ಎಂಟು. ಎಂಥ ಪ್ರಾಮಾಣಿಕತೆ, ಈ ಪ್ರಾಮಾಣಿಕತೆಯಿಂದಲೇ ಇವತ್ತು ಸರ್ವರ್ ಮಕಾಡೆ ಮಲಗುತ್ತಿತ್ತು, ಮೋಸಗಾರರಾಗಿದ್ದರೆ ಯಾವ ತಾಪತ್ರಯವೂ ಇರುತ್ತಿರಲಿಲ್ಲ! ಟಿಕೆಟ್ ಕೊಡುವಾಕೆ ತಿರುಗಿ ನೋಡಿದಳು, ಯಾಕಕ್ಕಾ ಒಬ್ಬರೇ ನಗ್ತಿದೀರಿ. ಕಳ್ಳ ಸಿಕ್ಕಿದ ಕಣೇ. ಯಾರು? ನಾನೇ.

ಒಂದು ಗಂಟೆ ನಲವತ್ತು, ಮೇಲೆ ಬಂದು ಕೂತಿದ್ದಾಳೆ, ಚೀಟಿ ಹಾಕುವುದು ಒಂದೇ ಒಂದು ಸಾಲು, ಅದರ ತಲೆಯ ಮೇಲೆ ತನ್ನದೇ ಹಳೆಯ ಟಿಪ್ಪಣಿ, ದೊಡ್ಡ ಯಜಮಾನರು ಹೇಳಿದ್ದು, ಕೇಳದೆ ಮುಟ್ಟಬೇಡಿ. ಚೀಟಿ ಹೋದರೆ ಪುಟ ಉಗ್ರಾಣದಿಂದಲೇ ಹೋಗುತ್ತದೆ, ಬಂದವರು ಸರ್ವರಿಗೆ ಕಾಣುವುದೇ ಇಲ್ಲ, ಎಣಿಕೆ ಅಲ್ಲಿಗೇ ನಿಂತ ಹಾಗೆ. ಕೇಳಬೇಕೇ? ಕೆಳಗೆ ಹೋಗಿ, ಸಾರ್, ಎಣಿಕೆ ನಿಲ್ಲಿಸ್ತೀನಿ, ಹತ್ತು ಲಕ್ಷ ಆಗಲ್ಲ, ನೀವು ಯಾರ ಕೈಯನ್ನೂ ಹಿಡಿಯೋ ಹಾಗಿಲ್ಲ ಎಂದು ಹೇಳಬೇಕೇ, ಹೇಳಿದರೆ ಅವರು ಬೇಡ ಅನ್ನುವುದಿಲ್ಲ, ಅದೇ ಕಷ್ಟ, ಹೂಂ ಮಾಡಮ್ಮಾ ಎಂದು ಪೇಪರನ್ನು ಮುಖದ ಮುಂದೆ ಎತ್ತಿಕೊಳ್ಳುತ್ತಾರೆ. ಆದರೆ ಕಟ್ಟೆಗೆ ಇನ್ನೊಬ್ಬ ಬಸುರಿ ಬಂದು ಕುಸಿದರೆ? ಕೋಣೆಗೆ ಬೀಗ ಬಿದ್ದರೆ? ಬೀಗ ಹೋಗಲಿ, ಬೀಳಲ್ಲ ಅಂದಿದ್ದಾಳೆ, ಬಾಯಲ್ಲಿ ಅಂದಿದ್ದಾಳೆ, ಪೆನ್ನು ಕುಟ್ಟುವವನ ಮುಖಕ್ಕೆ. ಅಮ್ಮ ಹಲಗೆ ನೇತುಹಾಕಿದ ಮೇಲೂ ಜನ ಕಿಟಕಿಗೆ ಬಂದು ಕೇಳುತ್ತಿದ್ದರು, ಬರೆದಿದ್ದೀನಲ್ಲ ನೋಡ್ಕೊಳ್ಳಿ ಅಂದರೆ, ನೋಡಿದ್ವಮ್ಮಾ, ಆದ್ರೂ ನೀವು ಒಂದ್ಸಲ ಹೇಳಿಬಿಡಿ, ಹೇಳುತ್ತಿದ್ದಳು ಅಮ್ಮ, ಹಲ್ಲು ಕಚ್ಚಿಕೊಂಡು, ಆದರೂ ಹೇಳುತ್ತಿದ್ದಳು, ಅಮ್ಮನ ಕಿಟಕಿಗೆ ಐನೂರು ಜನ, ಇಲ್ಲಿ ಅರವತ್ತು ಸಾವಿರ. ಆ ಸಾಲನ್ನು ತೆಗೆದಳು. ಪಟ್ಟಿಯ ಪುಟ ಸಿದ್ಧವಿದೆ, ಇಟ್ಟಳು, ಉಗ್ರಾಣದ ಹಳೆಯದನ್ನೆಲ್ಲ ಗುಡಿಸಿ ಖಾಲಿ ಮಾಡಿಸಿದಳು, ಮತ್ತೆ ದಡದಡ ಕೆಳಗಿಳಿದು ಟಿಕೆಟ್ ಕೊಡುವಾಕೆಯ ನೆಟ್ಟಿನಿಂದ ಪುಟವನ್ನು ತಾನೇ ಮೊದಲು ಕೇಳಿದಳು, ಎರಡು ಗಂಟೆಗೆ ಮುಂಚೆಯೇ ಒಂದು ಪ್ರತಿ ಅಲ್ಲಿ ಹೋಗಿ ಕೂತರೆ ಒಳ್ಳೆಯದು, ಕೇಳಿದಳು, ಮಿಸ್, ಇರಲಿ, ಮೊದಲ ಸಲ ಮಿಸ್ ಆಗಲೇಬೇಕು, ಏಳು ಸಾಲು ಇದೆ ತಾನೇ, ಇದೆ, ಉಸಿರು ಹಿಡಿದು ಮತ್ತೆ ಕೇಳಿದಳು — ಹಿಟ್. ಹಿಟ್! ಪ್ರತಿ ಉಗ್ರಾಣದಲ್ಲೇ ಸಿಕ್ಕಿತು, ಅದರ ವಯಸ್ಸು ನಾಲ್ಕು ಸೆಕೆಂಡ್ ಎಂದು ತೋರಿಸುತ್ತಿದೆ, ಈಗ ಒಂಬತ್ತು, ಈಗ ಹದಿಮೂರು, ಬೆಳೆಯುತ್ತಿದೆ, ಹುಟ್ಟಿತು ಕಣೇ ಎಂದು ಟಿಕೆಟ್ ಕೊಡುವಾಕೆಯ ಬೆನ್ನಿಗೆ ಒಂದು ಗುದ್ದಿದಳು, ಅಯ್ಯಮ್ಮಾ ಎಂದಳು ಆಕೆ, ಹೆತ್ತವರು ನೀವು, ಏಟು ನನಗೆ.

ಎರಡು ಗಂಟೆ. ಗಾಜಿನ ಗೂಡಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾಳೆ, ಹೋದ ವರ್ಷ ಈ ಹೊತ್ತಿಗೆ ಒಳಗಿನ ಫ್ಯಾನು ವಿಮಾನದ ಹಾಗೆ ಕೂಗುತ್ತಿತ್ತು, ಇವತ್ತು ಉಸಿರಿಲ್ಲ, ವರದಿಯಲ್ಲಿ ಗೆರೆ ಗೋಡೆ ಹತ್ತಿದ ಹಾಗೆ ಏರುತ್ತಿದೆ, ಹತ್ತು ಸಾವಿರ, ಇಪ್ಪತ್ತೆರಡು, ನಲವತ್ತು ಸಾವಿರ, ನೂರಕ್ಕೆ ತೊಂಬತ್ತೊಂಬತ್ತು ಹಿಟ್, ಸರ್ವರ್ ಎಂಬ ಪ್ರಾಣಿಗೆ ಊರಲ್ಲಿ ಏನಾಗುತ್ತಿದೆ ಎಂಬುದೇ ಗೊತ್ತಿಲ್ಲ. ಚಿಕ್ಕ ಯಜಮಾನ ಬಾಗಿಲಲ್ಲಿ ತಲೆ ಹಾಕಿದ, ಅಕ್ಕಾ, ಬಿತ್ತಾ? ಬಂದು ಕಿವಿ ಇಟ್ಟು ಕೇಳು. ಅವನು ನಿಜವಾಗಿಯೂ ಗಾಜಿಗೆ ಕಿವಿಯಿಟ್ಟ, ಗೊರಕೆಯೂ ಇಲ್ವಲ್ಲ ಎಂದ, ಮುಖ ಸಣ್ಣಗಾಗಿ ಆಮೇಲೆ ದೊಡ್ಡದಾಯಿತು, ಬೀಗದ ಮಾತು ಮರೆತುಬಿಡಿ ಅಕ್ಕ ಎಂದ. ನಾನು ಮರೀತೀನಿ, ನೀನು ಮರೀಬೇಡ ಎಂದಳು. ಇಷ್ಟು ಚಂದದ ಮಾತು ಬಾಯಿಗೆ ಬಂದದ್ದಕ್ಕೆ ಅವಳಿಗೇ ಖುಷಿಯಾಯಿತು, ಗಂಡನಿಗೆ ಬರೆಯಬೇಕು, ಊಟಕ್ಕೆ ಬರುತ್ತೇನೆ, ಬಿಸಿ ಮಾಡಿಡು ಎಂದು, ಮೊಬೈಲ್ ಕೈಗೆತ್ತಿಕೊಂಡಳು, ಮೆಟ್ಟಿಲ ಮೇಲೆ ಹೆಜ್ಜೆ, ನಿಧಾನದ ಹೆಜ್ಜೆ, ನಡುವೆ ನಿಂತು ಉಸಿರು ತೆಗೆದುಕೊಳ್ಳುವ ಹೆಜ್ಜೆ.

ದೊಡ್ಡ ಯಜಮಾನರ ಕೈಯಲ್ಲಿ ಮೂರು ಮೊಬೈಲ್, ಒಂದು ಅವರದು, ಇನ್ನೆರಡು ಕೆಳಗೆ ಯಾರದೋ ಇಸಕೊಂಡದ್ದು, ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟರು, ನೋಡಮ್ಮಾ, ಇದೇನೋ ತಪ್ಪಾಗಿದೆ. ಮೂರರಲ್ಲೂ ದೋಣಿಯ ಪಟ್ಟಿ ಚೆನ್ನಾಗಿ ಕಾಣುತ್ತಿದೆ, ಏನು ತಪ್ಪು ಎಂದು ಬಾಯಿ ತೆಗೆಯುವಷ್ಟರಲ್ಲಿ ಅವರ ಬೆರಳು ಪುಟದ ಅಡಿಗೆ ಹೋಯಿತು, ನೀವು ನಮ್ಮ 9,99,417ನೇ ಅತಿಥಿ. ಪಕ್ಕದ್ದರಲ್ಲೂ 9,99,417. ಅದರ ಪಕ್ಕದ್ದರಲ್ಲೂ. ಚೀಟಿಯ ಸಾಲನ್ನಷ್ಟೇ ತೆಗೆದಿದ್ದಳು, ಎಣಿಕೆ ತೋರಿಸುವ ಸಾಲನ್ನು ತೆಗೆಯಲು ಮರೆತಿದ್ದಳು, ಪ್ರತಿ ತೆಗೆದಾಗ ಅಲ್ಲಿ ಯಾವ ಸಂಖ್ಯೆ ಇತ್ತೋ ಅದೇ ಈಗ ಊರಿಗೆಲ್ಲ ಹಂಚಿಹೋಗುತ್ತಿದೆ, ತಿದ್ದಬೇಕೆಂದರೆ ಉಗ್ರಾಣ ಖಾಲಿ ಮಾಡಬೇಕು, ಇಷ್ಟು ನೂಕುನುಗ್ಗಲಿನಲ್ಲಿ ಅರೆಕ್ಷಣ ಖಾಲಿ ಮಾಡಿದರೂ ಜನವೆಲ್ಲ ಸರ್ವರಿನ ಮೈಮೇಲೆ, ಆಗುವುದಿಲ್ಲ. ಸುಳ್ಳು ಹೇಳಬಹುದಿತ್ತು, ಯಂತ್ರ ಕೆಟ್ಟಿದೆ, ನಾಳೆ ಸರಿಹೋಗುತ್ತೆ ಎಂದು, ಅವಳ ನಾಲಿಗೆ ಅಂಥ ಕಡೆ ಹೊರಳುವುದಿಲ್ಲ. ಎಣಿಕೆ ನಿಲ್ಲಿಸಿದೀನಿ ಸಾರ್, ನಾನೇ, ನಿಲ್ಲಿಸದಿದ್ರೆ ಪಟ್ಟಿ ಯಾರಿಗೂ ಕಾಣ್ತಿರಲಿಲ್ಲ, ನಿಮ್ಮನ್ನ ಕೇಳಲಿಲ್ಲ, ಕೇಳೋಕೆ ಹೊತ್ತಿರಲಿಲ್ಲ. ಹೊತ್ತಿತ್ತು, ಆದರೆ ಅಷ್ಟು ಸುಳ್ಳು ಹೇಗೋ ನುಸುಳಿಬಿಟ್ಟಿತು. ಅವರು ಕುರ್ಚಿ ಎಳೆದುಕೊಂಡು ಕೂತರು. ಎಲ್ಲರಿಗೂ ಕಾಣ್ತಿದೆಯಾ ಪಟ್ಟಿ? ಎಲ್ಲರಿಗೂ, ಅರವತ್ತು ಸಾವಿರ ದಾಟಿದೆ. ಕಟ್ಟೆ ಹತ್ರ ನೂಕಾಟ? ಇಲ್ಲ. ಹಾಗಾದ್ರೆ ಸರಿ ಮಾಡಿದೀಯ ಎಂದರು, ದನಿಯಲ್ಲಿ ಮುನಿಸಿಲ್ಲ, ಅದು ಇದ್ದಿದ್ದರೆ ಅವಳೂ ಒಂದು ಕೈ ನೋಡುತ್ತಿದ್ದಳು. ಮೂರು ಮೊಬೈಲನ್ನೂ ಮತ್ತೊಮ್ಮೆ ನೋಡಿ, ಮಗುವಿನ ಹಾಗೆ ಕುತೂಹಲದಿಂದ, ಅಲ್ಲಮ್ಮಾ, ಅಷ್ಟು ಜನಕ್ಕೂ ಇದೊಂದೇ ನಂಬರ್ ಅಂದ್ರೆ, ಈ ನಂಬರ್ ಮೊದಲು ಯಾರದ್ದು, ಯಾರೋ ಒಬ್ಬರು ಬಂದಿರಬೇಕಲ್ಲ, ಯಾರವರು?

ಯಾರು, ಯಾರಾದರೂ ಆಗಿರಬಹುದು ಸಾರ್ ಎನ್ನಲು ಹೊರಟವಳು ನಿಂತಳು, ಉಗ್ರಾಣ ಖಾಲಿಯಾದ ಮೇಲೆ ಮೊದಲು ಕೇಳಿದ್ದು, ಒಂದು ಗಂಟೆ ಐವತ್ತೊಂದು ನಿಮಿಷಕ್ಕೆ, ಆಫೀಸಿನ ಲೈನಿನಿಂದಲ್ಲ, ಕೆಳಗಿನಿಂದ, ಬೇರೆಯವರ ನೆಟ್ಟಿನಿಂದ, ಹೊರಗಿನವರ ಹಾಗೆ, ಕಟ್ಟೆಯ ಪಕ್ಕ ನಿಂತುಕೊಂಡು, ಡೀಸೆಲ್ ವಾಸನೆಯಲ್ಲಿ, ಪುಟದ ಅಡಿಯ ಆ ಸಾಲು ಅವಳ ಲ್ಯಾಪ್‌ಟಾಪಿನಲ್ಲೂ ಬಂದಿತ್ತು, ಏಳು ಸಾಲು ಎಣಿಸುವ ಭರದಲ್ಲಿ ಅದನ್ನು ಓದಿರಲಿಲ್ಲ, ಹತ್ತೊಂಬತ್ತು ವರ್ಷದಲ್ಲಿ ಇವತ್ತಿಗೆ ಮುಂಚೆ ಒಂದು ಸಲವೂ ಅವಳನ್ನು ಯಾರೂ ಎಣಿಸಿರಲಿಲ್ಲ, ಎಣಿಸಬಾರದಿತ್ತು, ಕಿಟಕಿಯಾಚೆ ಕಟ್ಟೆಯ ಮೇಲೆ ಜನ ನೂಕಾಡದೆ, ಕೂಗಾಡದೆ, ಮೊಬೈಲ್ ನೋಡಿಕೊಂಡು ನಿಂತಿದ್ದಾರೆ, ಬಗಲಲ್ಲಿ ಮಗು ಇಟ್ಟುಕೊಂಡವಳು, ಸೈಕಲ್ ಹಿಡಿದವನು, ಆ ದಡದಲ್ಲೂ ಹಾಗೆಯೇ ನಿಂತಿರುತ್ತಾರೆ, ಅಷ್ಟೂ ಅಂಗೈಗಳಲ್ಲಿ, ಪಟ್ಟಿಯ ಕೆಳಗೆ, ಅವಳು ಬಂದ ಸಂಖ್ಯೆ, 9,99,417, ದೊಡ್ಡ ಯಜಮಾನರು ಇನ್ನೂ ಅವಳ ಮುಖವನ್ನೇ ನೋಡುತ್ತಿದ್ದಾರೆ, ಯಾರಮ್ಮಾ ಎನ್ನುತ್ತಿದ್ದಾರೆ, ಮೇಜಿನ ಮೇಲೆ ಮೂರು ಸಲ, ನೀವು ನಮ್ಮ 9,99,417ನೇ ಅತಿಥಿ, ನೀವು ನಮ್ಮ 9,99,417ನೇ ಅತಿಥಿ, ನೀವು ನಮ್ಮ